ಎಡಗಡೆಯ ಸೈಲೆನ್ಸರ್

ಜೂನ್ 9, ಸೋಮವಾರ

ಪುನಃ ಬಾಸಿತನ ಅದೇ ಹಳೆ ಆರ್‌ಡಿ ಬೈಕ್. ಎರಡು ಸಿಲಿಂಡರ್, ಎರಡು ಕಾರ್ಬ್ಯುರೇಟರ್, ನೂರು ತಾಪತ್ರಯ. ನಾಲ್ಕನೇ ಸಲ ಬಿಚ್ಚಿದ್ದು. ಪೆಟ್ರೋಲ್ ಬರುವ ಜೆಟ್ ಕ್ಲೀನ್. ಕೇಬಲ್ ಹೊಸತು. ಆದರೂ ಸ್ಟಾರ್ಟ್ ಮಾಡಿ ಹಿಂದೆ ಸ್ಟೂಲ್ ಹಾಕಿ ಕೂತರೆ ಎಡಗಡೆಯ ಸೈಲೆನ್ಸರ್ ಸತ್ತ ಹಾಗೆ, ಬಲದ್ದು ಮಾತ್ರ ಬೊಬ್ಬೆ. ಎಡ ಕಾರ್ಬ್ಯುರೇಟರಿನ ಸ್ಕ್ರೂ ಇನ್ನೂ ಅರ್ಧ ಸುತ್ತು ಏರಿಸಿದೆ. ಈಗ ಎರಡೂ ಸಮ.

ಜೂನ್ 11

ಸಮ ಇಲ್ಲವಂತೆ! ಬಾಸಿತ್ ಕಲ್ಲಡ್ಕದವರೆಗೆ ಓಡಿಸಿ ವಾಪಸ್ ತಂದ. "ಎಂಥದು ಲೋಕಣ್ಣ, ಸ್ಲೋ ಹೋದ್ರೆ ಎಗರಿ ಎಗರಿ ಹೋಗ್ತದೆ. ಭಾನುವಾರದೊಳಗೆ ಆಗದಿದ್ರೆ ಮೂಡಬಿದ್ರೆಗೆ ಕೊಂಡೋಗ್ತೇನೆ ಮಾರ್ರೆ. ಅಲ್ಲಿ ಶೋಧನ್ ಅಂತ ಒಬ್ಬ ಮೆಕ್ಯಾನಿಕ್ ಮೀಟರ್ ಇಟ್ಟು ಟ್ಯೂನ್ ಮಾಡ್ತಾನಂತೆ."

ಮೀಟರ್! ನಲವತ್ತು ವರ್ಷ ಬರೀ ಕಿವಿಯಲ್ಲಿ ಟ್ಯೂನ್ ಮಾಡಿದವ ನಾನು. ಪುತ್ತೂರಿನಿಂದ, ಮಂಗಳೂರಿನಿಂದ ಈ ಲಾಯಿಲಕ್ಕೆ ಹುಡುಕಿಕೊಂಡು ಬರ್ತಾರೆ. ಈ ಗಾಡಿ ಅಲ್ಲಿಗೆ ಹೋದರೆ ನನ್ನ ಹೆಸರೂ ಅದರ ಹಿಂದೆಯೇ ಹೋಯಿತು.

ಇದರ ಮಧ್ಯೆ ಸರಸ. ಗ್ಯಾರೇಜು ಅಂಗಳದಲ್ಲೇ ಇಟ್ಟದ್ದು ತಪ್ಪಾಯ್ತು. ಅಡಿಗೆಮನೆಯ ಕಿಟಕಿಯಿಂದ, "ಎಡದ್ದೇ ಜಾಸ್ತಿ ಬೊಬ್ಬೆ ಹೊಡೀತದಲ್ಲ?" ಅಂದಳು. "ನೀನು ನಿನ್ನ ಮಿಕ್ಸಿ ನೋಡು" ಅಂದೆ. ಹೆಂಡತಿಯೂ ಮೆಕ್ಯಾನಿಕ್ ಆದರೆ ನಾನು ದೋಸೆ ಹೊಯ್ಯುವುದಾ?

ಜೂನ್ 14, ಶನಿವಾರ

ಜೋರು ಮಳೆ. ಶೆಡ್ಡಿನ ಹಿಂಬದಿಯೆಲ್ಲ ನೀರು. ಸ್ಟೂಲನ್ನು ಹೆಡ್‌ಲೈಟಿನ ಎದುರು ಹಾಕಿ ಕೂತೆ. ಈಗ ಬಲದ್ದು ಸತ್ತ ಹಾಗೆ... ಎಡದ್ದು ಬೊಬ್ಬೆ! ಇದೆಂಥ ಕರ್ಮ? ಸ್ಕ್ರೂ ಮುಟ್ಟಲೇ ಇಲ್ಲ. ಹಿಂದೆ ಹೋಗಿ ನೀರಲ್ಲೇ ಕೂತೆ — ಎರಡೂ ಸಮ. ಎದುರು ಬಂದೆ — ಬಲ ಸತ್ತಿತು. ನಾನು ಜಾಗ ಬದಲಿಸಿದರೆ ಗಾಡಿಯ ರೋಗವೂ ಬದಲಾಗುತ್ತದಾ?

ಎಂಜಿನ್ ಆಫ್ ಮಾಡಿದೆ. ಎಡ ಕಿವಿ ಮುಚ್ಚಿ ನೋಡಿದೆ. ಮಳೆಯ ಸದ್ದಿಗೆ ಏನೂ ವ್ಯತ್ಯಾಸ ಇಲ್ಲ. ಬಲ ಕಿವಿ ಮುಚ್ಚಿದೆ.

ಮಳೆಯೇ ನಿಂತಿತು. ಕೈ ತೆಗೆದೆ, ಪುನಃ ಸುರಿಯಿತು.

ಊಟ ಸೇರಲಿಲ್ಲ. ಹೆದರಿಕೆ ಆಗುತ್ತಿದೆ.

ಜೂನ್ 15, ಭಾನುವಾರ

ಬೆಳಿಗ್ಗೆ ಸರಸಳನ್ನು ಕರೆದು ಸ್ಟೂಲಿನಲ್ಲಿ ಕೂರಿಸಿದೆ. ಸ್ಕ್ರೂಡ್ರೈವರ್ ನನ್ನ ಕೈಯಲ್ಲಿ. "ಎಡ ಕಮ್ಮಿ ಮಾಡಿ... ಇನ್ನು ಸ್ವಲ್ಪ... ಅಯ್ಯೋ, ಜಾಸ್ತಿ ಆಯ್ತು... ಹಾಂ, ಸಾಕು." ಹತ್ತು ನಿಮಿಷ! ನನಗೆ ವಾರವೇ ಹೋಯಿತು. ಯಾಕೆ ಕರೆದೆ ಎಂದು ಒಂದು ಮಾತು ಕೇಳಲಿಲ್ಲ ಅವಳು. ಅದಕ್ಕೂ ಸಿಟ್ಟು ಬಂತು.

ಸಂಜೆ ಬಾಸಿತ್ ಓಡಿಸಿ ಬಂದ. "ಬೆಣ್ಣೆಯ ಹಾಗೆ ಹೋಗ್ತದೆ! ಕಿವಿ ಅಂದ್ರೆ ನಿಮ್ಮದು ಲೋಕಣ್ಣ. ಮೀಟರ್ ಎಂಥಕ್ಕೆ?"

ಸರಸ ಚಹಾ ಹಿಡಿದುಕೊಂಡು ಬಾಗಿಲಲ್ಲೇ ಇದ್ದಳು. ಹೇಳಬೇಕಿತ್ತು. "ಎಲ್ಲ ಅಭ್ಯಾಸ ಮಾರಾಯ" ಅಂದೆ. ಅವಳು ಚಹಾ ಇಟ್ಟು ಒಳಗೆ ಹೋದಳು. ಥೂ ನನ್ನ ಜನ್ಮಕ್ಕೆ.

ಜೂನ್ 19, ಬೆಳಿಗ್ಗೆ 10.40

ಇನ್ನೊಂದು ಆರ್‌ಡಿ! ನರಿಕೊಂಬಿನ ಡೊಂಬಯ್ಯನದ್ದು. ಬಾಸಿತ್ ಹೇಳಿ ಕಳಿಸಿದ್ದಂತೆ. ಗಾಡಿ ಬಿಟ್ಟು ಹೋಗು ಅಂದರೆ ಹೋಗುವುದಿಲ್ಲ. "ನೀವು ಕಿವಿಯಲ್ಲೇ ಮಾಡುವುದನ್ನು ನೋಡ್ಲಿಕ್ಕೆಂದೇ ಬಂದದ್ದು" ಎಂದು ಎದುರೇ ಕುರ್ಚಿ ಎಳೆದು ಕೂತಿದ್ದಾನೆ. ಸಿನಿಮಾ ಉಂಟಾ ಇಲ್ಲಿ?

ನೀರು ಕುಡಿದು ಬರ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಗಾಡಿ ಸುಮ್ಮನೆ ಪೆಟ್ರೋಲ್ ಕುಡಿಯುತ್ತಾ ಉಂಟು. ಸರಸ ತೆಂಗಿನಕಾಯಿ ತುರಿಯುತ್ತಿದ್ದಾಳೆ. ತಲೆ ಎತ್ತುವುದಿಲ್ಲ. ಕರೆದರೆ ಬಂದಾಳು. ಆದರೆ ಡೊಂಬಯ್ಯನ ಎದುರೇ ಕರೆಯಬೇಕು. ನಾಳೆ ಬಂಟ್ವಾಳವಿಡೀ ಸುದ್ದಿ.

ಆಗಲಿ. ಹೋಗ್ತೇನೆ. ಅವಳನ್ನೂ ಕರೆದುಕೊಂಡೇ ಹೋಗ್ತೇನೆ. ಹೇಳ್ತೇನೆ: "ನೋಡು ಡೊಂಬಯ್ಯ, ಸ್ಕ್ರೂ ತಿರುಗಿಸುವುದು ಮಾತ್ರ ನಾನು. ಕೇಳುವುದು ನನ್ನ ಹೆಂಡತಿ."