ನಮ್ಮ ಕೆಲಸಗಾರ್ತಿಯ ಕೈತಪ್ಪು

ಮಾರ್ಚ್ 3, ಸೋಮವಾರ

ಯಜಮಾನರು ಹೇಳಿದ್ದು: ಬೈಂಡಿಂಗ್ ಶಾಪಿನ ಎಲ್ಲರಿಗೂ ಆರೋಗ್ಯ ವಿಮೆ. ಕಂತು ಅರ್ಧ ಅವರದು, ಅರ್ಧ ನಮ್ಮದು. ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ.

ಕೊಟ್ಟದ್ದು: ಏನೂ ಇಲ್ಲ.

ಕಾರಣ: ಈ ಗುಂಪು ವಿಮೆಗೆ ಕನಿಷ್ಠ ಹತ್ತು ಜನ ಬೇಕು. ನಾವು ಏಳಂತೆ. ಅಚ್ಚಾದ ಹಾಳೆ ಮಡಿಚುವ ಮೂವರು ಹೆಂಗಸರು ಜನವಲ್ಲ, ‘ಪೀಸ್ ರೇಟ್’, ಮಡಿಚಿದಷ್ಟಕ್ಕೆ ಕೂಲಿ.

ಕಟಿಂಗ್ ಮಷಿನ್ ಮುಂದೆ ನಿಂತು ಎಣಿಸಿದೆ. ಬಾಗಿಲಿನಿಂದ ಎಣಿಸಿದರೂ ಹತ್ತು, ಗೋಡೆಯಿಂದ ಎಣಿಸಿದರೂ ಹತ್ತು.

ಆ ಮೂವರಲ್ಲಿ ಒಬ್ಬರು ಅತ್ತಿಗೆ. ಅಣ್ಣ ಹೋದ ಮೇಲೆ ಇಲ್ಲಿಗೆ ಸೇರಿದವರು. ನನ್ನನ್ನು ಇಲ್ಲಿಗೆ ತಂದವರೂ ಅವರೇ. ಅವರ ಕುತ್ತಿಗೆಯಲ್ಲಿ ಗಡ್ಡೆ ಬೆಳೆಯುತ್ತಿದೆ. ಆಪರೇಷನ್ ಮುಂದಿನ ತಿಂಗಳು ದಾಟಬಾರದು ಎಂದಿದ್ದಾರೆ ಡಾಕ್ಟರು. ಒಬ್ಬರೇ ವಿಮೆ ಮಾಡಿಸಿದರೆ ಹಳೆಯ ಕಾಯಿಲೆಗೆ ಮೂರು ವರ್ಷ ಕಾಯಬೇಕು. ಗಡ್ಡೆ ಕಾಯುತ್ತದೆಯೇ?

ಮಾರ್ಚ್ 4, ಮಂಗಳವಾರ

ವಿಮೆ ಏಜೆಂಟ್ ಬಂದಿದ್ದರು. ಒಳ್ಳೆಯ ಮನುಷ್ಯ, ಚೀಲ ಮಾತ್ರ ತೀರಾ ದೊಡ್ಡದು. ಪೀಸ್ ರೇಟಿನವರನ್ನೂ ಸೇರಿಸಬಹುದು ಎಂದರು.

“ಇವ್ರು ನಮ್ಮ ಕೆಲಸಗಾರರು, ಇಷ್ಟು ವರ್ಷದಿಂದ ಇದ್ದಾರೆ ಅಂತ ಮಾಲೀಕ್ರು ಬರೆದು ಸೀಲ್ ಹಾಕಿದ್ರೆ ಆಯ್ತು. ಹತ್ತು ಜನ ಆದ್ರೆ ಕಂತೂ ಕಡಿಮೆ.”

“ಬರೆಯಲ್ಲಪ್ಪ,” ಎಂದರು ಯಜಮಾನರು. “ಅವ್ರು ಬೇಕಾದಾಗ ಬರ್ತಾರೆ, ಬೇಕಾದಾಗ ಹೋಗ್ತಾರೆ. ಇವತ್ತು ವಿಮೆ ಅಂತೀರಿ, ನಾಳೆ ರಜೆ ಅಂತೀರಿ.”

ಬೇಕಾದಾಗ ಬರುತ್ತಾರಂತೆ! ಹತ್ತು ನಿಮಿಷ ತಡವಾದರೆ ಶಟರ್ ಎಳೆಯುವುದು ಯಾರು?

ಮಾರ್ಚ್ 7, ಶುಕ್ರವಾರ

ಎಡವಟ್ಟು. ಪಶುವೈದ್ಯರ ಕೈಪಿಡಿ, ಐನೂರು ಪ್ರತಿ. ಎಮ್ಮೆಯ ಭಾಗದೊಳಗೆ ಕೋಳಿಯ ಪುಟಗಳು. ಪಾರ್ಸೆಲ್ ವಾಪಸ್.

ಮಡಿಚುವವರು ಕಟ್ಟು ಮುಗಿದಾಗ ಕೊನೆಯ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು ವಾಡಿಕೆ. ಒಬ್ಬರದು ಗೀಟು, ಒಬ್ಬರದು ಚುಕ್ಕೆ, ಅತ್ತಿಗೆಯದು ಸೊನ್ನೆ. ಯಜಮಾನರು ಗುರುತು ಸಿಗುವವರೆಗೂ ಒಂದೊಂದೇ ಪ್ರತಿಯ ಹೊಲಿಗೆ ಬಿಚ್ಚಿ ನೋಡಿದರು. ಸೊನ್ನೆ.

ಮಡಿಚುವಾಗ ತಲೆ ಬಗ್ಗಿಸಿ ಪುಟದ ಸಂಖ್ಯೆ ನೋಡಬೇಕು. ಅತ್ತಿಗೆಗೆ ಕುತ್ತಿಗೆ ಬಗ್ಗುವುದಿಲ್ಲ. ಕೈಯ ಅಭ್ಯಾಸದ ಮೇಲೆ ಮಡಿಚಿದ್ದಾರೆ. ಯಾರಿಗೂ ಹೇಳಿರಲಿಲ್ಲ… ನನಗೂ.

ಮಾರ್ಚ್ 14, ಶುಕ್ರವಾರ

ಒಂದು ವಾರ ಬರೆಯಲಾಗಲಿಲ್ಲ. ಐನೂರನ್ನೂ ಬಿಚ್ಚಿ ಮತ್ತೆ ಹೊಲಿದೆವು. ಅಂಗಿ ತೋಳೆಲ್ಲ ಅಂಟು. ಅತ್ತಿಗೆ ಒಂದು ದಿನವೂ ತಪ್ಪಿಸಲಿಲ್ಲ.

ಮಾರ್ಚ್ 15, ಶನಿವಾರ, ಮಧ್ಯಾಹ್ನ

ಪುಸ್ತಕ ತಲುಪಿಸಲು ನನ್ನನ್ನೇ ಕಳಿಸಿದರು. ಜೊತೆಗೆ ಒಂದು ಪತ್ರ, ಸಹಿ ಹಾಕಿಸಿಕೊಂಡು ಬರಲು ಅದರ ನಕಲು. ಪಶುವೈದ್ಯರು ಓದಿ ನಕ್ಕರು.

“ಎಮ್ಮೆ ಡೋಸು ಕೋಳಿಗೆ ಕೊಟ್ಟಿದ್ರೆ ಏನ್ ಗತಿ ಮಾರಾಯ್ರೇ! ಹೋಗ್ಲಿ, ಆ ಅಮ್ಮನ್ನ ಬೈಬೇಡಿ.”

ಯಾವ ಅಮ್ಮ? ಪತ್ರ ಇಸಿದುಕೊಂಡು ನಾನೂ ಓದಿದೆ.

“ಹನ್ನೊಂದು ವರ್ಷಗಳಿಂದ ನಮ್ಮಲ್ಲಿ ಕೆಲಸ ಮಾಡುತ್ತಿರುವ ನಮ್ಮ ಕೆಲಸಗಾರ್ತಿಯ ಕೈತಪ್ಪಿನಿಂದ ಹೀಗಾಗಿದೆ. ನಮ್ಮ ಮೂವರು ಮಡಿಚುವ ಕೆಲಸಗಾರ್ತಿಯರಿಗೂ ಎಚ್ಚರಿಕೆ ನೀಡಲಾಗಿದೆ.” ಕೆಳಗೆ ಸಹಿ. ಸೀಲು.

ಯಾವುದನ್ನು ಬರೆಯುವುದಿಲ್ಲ ಎಂದರೋ ಅದನ್ನೇ ಬರೆದಿದ್ದಾರೆ. ತಪ್ಪು ಹೊರಿಸಲು ಒಬ್ಬ ಕೆಲಸಗಾರ್ತಿ ಬೇಕಾಯಿತು, ತಕ್ಷಣ ಸಿಕ್ಕಿಬಿಟ್ಟಳು!

ಅದೇ ದಿನ, ಸಂಜೆ

ಅತ್ತಿಗೆಗೆ ಪತ್ರ ಓದಿ ಹೇಳಿದೆ, ಸೋಮವಾರ ಎಲ್ಲರೂ ಸೇರಿ ಇದನ್ನೇ ಯಜಮಾನರ ಮುಂದೆ ಓದೋಣ ಎಂದೆ. ಮುಖ ಕೆಂಪಾಯಿತು.

“ನನ್ ತಪ್ಪನ್ನ ಎಲ್ರ ಮುಂದೆ ಓದ್ತೀಯೇನೋ?”

“ನೀವು ಬೇಡ ಅಂದ್ರೆ ಇಲ್ಲ ಅತ್ತಿಗೆ.”

ಬಟ್ಟೆ ಮಡಿಚತೊಡಗಿದರು. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಗೀರಿ… ಬಟ್ಟೆಯನ್ನೂ ಹಾಳೆಯ ಹಾಗೆಯೇ.

“ಉಳಿದಿಬ್ರೂ ಪಾಪ ನನ್ ದೆಸೆಯಿಂದ ಬೈಸ್ಕೊಂಡ್ರು. ಅವರಿಗಾದ್ರೂ ಆಗ್ಲಿ, ಓದು. ಕೋಳಿ ವಿಷಯ ಮಾತ್ರ ಬಿಟ್ಬಿಡು.”

ಮಾರ್ಚ್ 17, ಸೋಮವಾರ

ಊಟದ ಬಿಡುವಿನಲ್ಲಿ ಹತ್ತೂ ಜನ ಯಜಮಾನರ ಮೇಜಿನ ಮುಂದೆ ನಿಂತೆವು. ಕೂಗಲಿಲ್ಲ. ಪತ್ರ ಓದಿದೆ. ಕೋಳಿಯನ್ನು ಬಿಟ್ಟೆ. ಅಂಟು ಹಚ್ಚುವ ತಾತ ಬಿಡಲಿಲ್ಲ — “ಕೋಳಿ ಎಲ್ಲೋ ಹೋಯ್ತು?” ಎಲ್ಲರೂ ನಕ್ಕರು. ಅತ್ತಿಗೆಯೂ.

“ಅದು ಕ್ಷಮೆ ಕೇಳಿದ ಕಾಗದ ಕಣಯ್ಯ,” ಎಂದರು ಯಜಮಾನರು. “ಗಿರಾಕಿ ಸಮಾಧಾನಕ್ಕೆ ಬರೆದಿದ್ದು.”

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಮುಂದೆ ಬಂದರು.

“ತಪ್ಪು ನಂದೇ ಯಜಮಾನ್ರೇ, ಒಪ್ಕೋತೀನಿ. ತಪ್ಪು ಮಾಡಿದಾಗ ನಾನು ನಿಮ್ಮ ಕೆಲಸದೋಳು. ಕಾಯಿಲೆ ಬಿದ್ರೆ ಯಾರ ಕೆಲಸದೋಳು? ಅಷ್ಟು ಹೇಳ್ಬಿಡಿ, ಹೋಗಿ ಹಾಳೆ ಮಡಿಚ್ತೀನಿ.”

ಯಜಮಾನರು ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. ಫೋನ್ ತೆಗೆದು ಏಜೆಂಟಿಗೆ ಹೇಳಿದರು: “ಫಾರಂ ತಗೊಂಡು ಬನ್ನಿ. ಹತ್ತು… ಹೌದ್ರೀ, ಹತ್ತೇ.”

ಗೆದ್ದೆವು ಎಂದು ಬರೆಯುವುದಿಲ್ಲ. ಮೊದಲು ಸಹಿ ಬೀಳಲಿ. ಪತ್ರದ ನಕಲು ನನ್ನ ಊಟದ ಡಬ್ಬಿಯ ಚೀಲದಲ್ಲೇ ಇರುತ್ತದೆ.

ಏಜೆಂಟ್ ಬಂದಾಗ ಹತ್ತೂ ಜನ ಹೊಲಿಗೆ ಟೇಬಲ್ಲಿನ ಸುತ್ತ ಕೂತು ಸಹಿ ಹಾಕುವುದು ಎಂದಾಗಿದೆ. ಶಾಪಿನಲ್ಲಿ ಸ್ಟೂಲು ಇರುವುದು ಏಳು. ಮಡಿಚುವವರು ಇಷ್ಟು ವರ್ಷವೂ ನೆಲದ ಮೇಲೆಯೇ. ಯಾರಿಗೂ ತೋಚಿರಲಿಲ್ಲ, ನನಗೂ. ಇನ್ನು ಮೂರು ಹೊಂದಿಸಬೇಕು. ಬುಧವಾರ, ಏಜೆಂಟ್ ಬರುವ ಮಧ್ಯಾಹ್ನ ಮೂರು ಗಂಟೆಯೊಳಗೆ.