ಎರಡನೇ ಸ್ಟೂಲು

ಪ್ರೀತಿಯ ಮೇಡಂ,

ನೀವು ಕೊನೆಯ ಸಲ ಲ್ಯಾಬಿಗೆ ಬಂದದ್ದು ನೆನಪಿದೆಯಾ? ನಿಮ್ಮ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದಿರಿ, ಹಣೆಯ ವಿಭೂತಿ ಉದುರಿ ಕಣ್ಣಿಡುವ ಗಾಜಿನ ಮೇಲೆ ಬಿತ್ತು. ನಾನು ಎಂದಿನಂತೆ ಗೊಣಗಿದೆ. "ಒರೆಸ್ಬುಡೇ, ಅದಕ್ಕೇ ತಾನೇ ನಿನ್ನ ಇಟ್ಕೊಂಡಿರೋದು" ಅಂತ ನಕ್ಕಿರಿ. ಅವತ್ತು ಏನೋ ಗಡಿಬಿಡಿ, ಒರೆಸಲಿಲ್ಲ. ಆಮೇಲೆ ಮನಸ್ಸು ಬರಲಿಲ್ಲ. ಅದರ ಮೇಲೊಂದು ಬಟ್ಟೆ ಹೊದಿಸಿ, ನಿಮ್ಮ ಸ್ಟೂಲನ್ನು ಬೆಂಚಿನಡಿಗೆ ತಳ್ಳಿದೆ. ಇವತ್ತಿನವರೆಗೂ ಯಾರನ್ನೂ ಕೂರಿಸಿರಲಿಲ್ಲ.

ನನ್ನ ಮೊದಲ ಮರುಭೂಮಿ ಪ್ರಯಾಣದಲ್ಲಿ ಅಮ್ಮ ಸ್ಟೇಷನ್ನಿನಲ್ಲೇ ನಿಮ್ಮನ್ನು ಕೇಳಿದ್ದಳು, "ಇಲಿ ಹೊಟ್ಟೇಲಿರೋ ಜಂತುಹುಳ ನೋಡಕ್ಕೆ ಮೈಸೂರಿಂದ ರಾಜಸ್ಥಾನಕ್ಕೆ ಹೋಗ್ಬೇಕಾ ಮೇಡಂ? ನಮ್ಮನೇಲಿಲ್ವಾ ಇಲಿ?" ನೀವು ರೈಲು ಹೊರಡುವವರೆಗೂ ನಗುತ್ತಿದ್ದಿರಿ. ಪ್ರತಿ ಚಳಿಗಾಲ ಅದೇ ಮರಳದಿಬ್ಬ, ಅದೇ ಮುಳ್ಳುಪೊದೆ. ಇಲಿ ಹಿಡಿಯುವುದು, ಹಿಕ್ಕೆ ಶೀಸೆಗೆ ತುಂಬಿಕೊಳ್ಳುವುದು, ಇಲಿಯನ್ನು ಅದರ ಬಿಲದ ಬಾಯಿಗೇ ಬಿಡುವುದು. ಹಿಕ್ಕೆಯಲ್ಲಿ ಯಾವ ಹುಳುವಿನ ಮೊಟ್ಟೆ ಇದೆ, ಯಾವುದು ಇಲ್ಲ ಅಂತ ಇಲ್ಲಿ ಕೂತು ನೋಡುವುದು. ಊರೆಲ್ಲ ಎಳ್ಳು ಬೀರುವ ದಿನ ನಾವು ಇಲಿಗಳಿಗೆ ಕಡಲೆಕಾಯಿಬೀಜ ಬೀರುತ್ತಿದ್ದೆವು.

ಆ ಬರಗಾಲದ ವರ್ಷಗಳಲ್ಲಿ ನೀವು ಸೊರಗಿದ್ದು ನಾನು ನೋಡಿದ್ದೇನೆ. ಮಳೆಯಿಲ್ಲದೆ ಕಪ್ಪು ಜೀರುಂಡೆಗಳು ಹೋದವು. ಜೀರುಂಡೆ ತಿಂದರೆ ತಾನೇ ಇಲಿಯ ಹೊಟ್ಟೆಗೆ ಆ ಒಂದು ಜಾತಿಯ ಹುಳು ಸೇರುವುದು? ಅದರ ಮೊಟ್ಟೆಯೂ ಕಾಣದಾಯಿತು. ಅಲ್ಲಿಂದ ಅದು ಅಳಿದೇ ಹೋಯಿತು ಅಂದರು ಎಲ್ಲರೂ. ನೀವು ಮಾತ್ರ, "ಮಳೆ ಬರ್ಲಿ, ಜೀರುಂಡೆ ಬರ್ಲಿ, ಅದೂ ಬರತ್ತೆ ಕಣೇ. ಬಂದಾಗ ನಾವಲ್ಲಿರ್ಬೇಕು ಅಷ್ಟೇ" ಅಂದಿರಿ. ಒಂದು ಹೊಟ್ಟೆಹುಳುವಿಗಾಗಿ ಹಾಗೆ ಕಾದವರನ್ನು ನಾನು ಬೇರೆ ಕಂಡಿಲ್ಲ. ಕೊನೆಗೂ ಮಳೆ ಬಂತು. ಆದರೆ ನೀವು...

ಪಂಜಿನ ಕವಾಯತಿನ ಸಂಜೆ ಆಸ್ಪತ್ರೆಯಿಂದ ಫೋನ್ ಬಂದಾಗ ನನ್ನ ಆಟೋ ಬನ್ನಿಮಂಟಪದ ಜನರ ನಡುವೆ ಸಿಕ್ಕಿಕೊಂಡಿತ್ತು. ಇಳಿದು ಓಡಿದೆ. ನಾನು ತಲುಪುವಷ್ಟರಲ್ಲಿ ನಿಮ್ಮ ಯಜಮಾನರು ಹೊರಗೆ ಬೆಂಚಿನ ಮೇಲೆ ನಿಮ್ಮ ಕನ್ನಡಕ ಹಿಡಿದು ಕೂತಿದ್ದರು. ಇನ್ನೊಂದು ಸ್ವಲ್ಪ ಹೊತ್ತು ಕಾಯಬಾರದಿತ್ತಾ ಮೇಡಂ? ಹುಳುವಿಗಾಗಿ ಅಷ್ಟು ವರ್ಷ ಕಾದಿರಲ್ಲ!

ಈ ಚಳಿಗಾಲ ಒಬ್ಬಳೇ ಹೋಗಿ ಬಂದೆ. ದಿಬ್ಬದ ಮೇಲೆ ಕೂತು ಅತ್ತುಬಿಟ್ಟೆ, ಯಾರೂ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಒಂದು ಸ್ಲೈಡ್ ನೋಡುತ್ತಿದ್ದೆ, ಕೈ ನಿಂತುಹೋಯಿತು. ನಿಮ್ಮ ಹುಳುವಿನ ಮೊಟ್ಟೆಯೇ ಅಂತ ಅನ್ನಿಸಿತು. ಆದರೆ ನಿಮ್ಮ ಕಟ್ಟುನಿಟ್ಟು ಇದೆಯಲ್ಲ: ಒಬ್ಬರ ಕಣ್ಣು ಸಾಲದು, ಎರಡನೆಯವರು ನೋಡಬೇಕು, ಮೊದಲನೆಯವರು ತುಟಿ ಬಿಚ್ಚಬಾರದು. "ಆಸೆಪಟ್ಟ ಕಣ್ಣಿಗೆ ಕಂಡಿದ್ದೆಲ್ಲ ಅದೇ ಥರ ಕಾಣತ್ತೆ" ಅನ್ನುತ್ತಿದ್ದಿರಿ. ಪಕ್ಕದ ಲ್ಯಾಬಿನವರನ್ನು ಕರೆಯೋಣವೆಂದರೆ ನಾನು ಏನಕ್ಕೆ ಕಾಯುತ್ತಿದ್ದೇನೆಂದು ಅವರಿಗೆಲ್ಲ ಗೊತ್ತು. ಅದೂ ಅಲ್ಲದೆ ನಿಮ್ಮ ಸ್ಟೂಲಿನ ಮೇಲೆ ಇನ್ನೊಬ್ಬರೇ? ಸ್ಲೈಡ್ ಹಾಗೇ ಇಟ್ಟುಬಿಟ್ಟೆ.

ಇವತ್ತು ನಿಮ್ಮ ಯಜಮಾನರು ಶ್ರೀರಾಂಪುರದಿಂದ ಬಸ್ಸು ಹಿಡಿದು ಬಂದರು, ನಿಮ್ಮ ಹತ್ತಿರವಿದ್ದ ಲ್ಯಾಬಿನ ಬೀಗದಕೈ ಕೊಡಲು. ಪೂಜೆ ಮುಗಿಸಿ, ಹಣೆಯ ವಿಭೂತಿಯಲ್ಲೇ ನೇರ ಬಂದಿದ್ದರು. ಬ್ಯಾಂಕಿನಲ್ಲಿದ್ದವರು, ಇಷ್ಟು ವರ್ಷದಲ್ಲಿ ಒಂದು ದಿನವೂ ಒಳಗೆ ಬಂದಿರಲಿಲ್ಲ. "ಎಲ್ಲಿ ಕೂತ್ಕೋತಿದ್ಲಮ್ಮ ಅವಳು?" ಅಂದರು. ನಾನು ಸ್ಟೂಲು ಎಳೆದೆ. ಬಟ್ಟೆ ತೆಗೆದೆ. ಗಾಜಿನ ಮೇಲೆ ನಿಮ್ಮ ವಿಭೂತಿ ಹಾಗೇ ಇತ್ತು, ಅವರೂ ನೋಡಿದರು. ಸ್ಲೈಡ್ ಇಟ್ಟು ನೋಡಿ ಅಂದೆ. "ಮಂಜು ಮಂಜಾಗಿದೆ ಕಣಮ್ಮ" ಅಂದರು.

ಒರೆಸಿದೆ ಮೇಡಂ. ಸೆರಗಿನಿಂದ ಒರೆಸಿದೆ. ಅವರು ನಿಮ್ಮ ಜಾಗದಲ್ಲೇ ಕೂತು ನೋಡಬೇಕಿತ್ತು.

"ಹೆಸರು ಬೇಡ ಅಂಕಲ್, ಕಂಡದ್ದು ಹೇಳಿ" ಅಂದೆ, ನೀವು ನನಗೆ ಹೇಳುತ್ತಿದ್ದ ಹಾಗೆ. ಅವರು ತುಂಬ ಹೊತ್ತು ಬಗ್ಗಿ ನೋಡಿದರು. "ಮೊಟ್ಟೆ ಥರ ಇದೆ. ಸಿಪ್ಪೆ ದಪ್ಪ. ಒಳಗೆ ಏನೋ ದಾರದಂಥದ್ದು ಮುದುರ್ಕೊಂಡು ಮಲ್ಗಿದೆ."

ಅದೇ! ನಾನು ಬಾಯಿ ಬಿಟ್ಟಿರಲಿಲ್ಲ, ನಿಮ್ಮಾಣೆ. ನಾನು ಅಳುವುದು ನೋಡಿ ಗಾಬರಿಯಾದರು. ವಿಷಯ ಹೇಳಿದೆ. ಮತ್ತೊಮ್ಮೆ ಬಗ್ಗಿ ನೋಡಿ, "ಇದಕ್ಕೇನಾ ಅವಳು ಒಂದು ಸಂಕ್ರಾಂತಿಗೂ ಮನೇಲಿರ್ತಿರಲಿಲ್ಲ? ಬರೋ ವರ್ಷ ನನ್ನೂ ಕರ್ಕೊಂಡೋಗಮ್ಮ, ಆ ಜಾಗ ನೋಡ್ಬೇಕು" ಅಂದರು. ಕರೆದುಕೊಂಡು ಹೋಗುತ್ತೇನೆ. ರೈಲಿನಲ್ಲಿ ಕಿಟಕಿ ಪಕ್ಕದ ನಿಮ್ಮ ಸೀಟು ಅವರಿಗೇ.

ನಿಮ್ಮ ಹುಳು ಬಂದಿದೆ ಮೇಡಂ. ಇಬ್ಬರೂ ನೋಡಿದ್ದೇವೆ.

ಅವರು ಹೋದಮೇಲೆ ಬಟ್ಟೆ ಹೊದಿಸಲು ಬಗ್ಗಿದೆ. ಗಾಜಿನ ಮೇಲೆ ಮತ್ತೆ ವಿಭೂತಿ ಉದುರಿತ್ತು. ಬಟ್ಟೆ ಮಡಿಸಿಟ್ಟೆ, ಸ್ಟೂಲನ್ನು ಹೊರಗೇ ಬಿಟ್ಟೆ.

ನಿಮ್ಮ,
ನಾಗು