ಶ್ರಮಣಾಳ ಪೋಸ್ಟಿಂಗ್

ಕೋಲ್ಕತ್ತಾ, ಭಾನುವಾರ

ಪೂಜ್ಯ ಅಮ್ಮನ ಪಾದಗಳಿಗೆ,

ಸಮಸ್ತ ಭಾರತ ಒಕ್ಕೂಟಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಮೀನು ಹುರಿಯುವ ಬಾಣಲೆ ಮೂರನೆಯ ಸಲ ಪೆಟ್ಟಿಗೆಯಿಂದ ಹೊರಬಂದಿದೆ.

ದೆಹಲಿಯ ಸರ್ಕಾರ "ಕೂಡಲೇ ಬಂದು ಹಾಜರಾಗಿ" ಎಂದು ನನಗೆ ಆದೇಶ ಕಳಿಸಿದಾಗಲೆಲ್ಲ ನಿನ್ನ ಸೊಸೆ ಶ್ರಮಣಾ ಆ ಬಾಣಲೆಯನ್ನು ಕಟ್ಟಿಡುತ್ತಾಳೆ. ಇಲ್ಲಿನ ರಾಜ್ಯ ಸರ್ಕಾರ "ಈ ಅಧಿಕಾರಿಯನ್ನು ಬಿಡಲಾಗದು" ಎಂದು ಉತ್ತರ ಬರೆದಾಗ ಬಿಚ್ಚುತ್ತಾಳೆ. ಮಗನಿಗಾಗಿ ಎರಡು ಸರ್ಕಾರಗಳು ಕಿತ್ತಾಡುತ್ತಿವೆ ಎಂದು ಹೆಮ್ಮೆಪಡಬೇಡ, ಅಮ್ಮಾ. ಇಬ್ಬರಿಗೂ ನನ್ನ ಮುಖ ಗೊತ್ತಿಲ್ಲ.

ಆದರೆ ಅವಳಿಗೆ ಎಂಟು ತಿಂಗಳು ತುಂಬಿತು. ಹೆರಿಗೆ ಎಲ್ಲಿ ಎಂದು ಡಾಕ್ಟರು ಕೇಳಿದರೆ ಹೇಳಲು ನನ್ನ ಬಳಿ ಒಂದು ಊರಿಲ್ಲ. ನೋವು ಕಾಣಿಸಿಕೊಂಡ ದಿನ ನಾನು ದೆಹಲಿಯ ರೈಲಿನಲ್ಲಿದ್ದರೆ?

ನಿನ್ನೆ ಇದನ್ನೇ ಹೇಳಿದೆ. ಅವಳು ತಲೆ ಎತ್ತದೆ, "ರೀ, ನಿಮ್ಮನ್ನ ಎಲ್ಲಿಗೆ ಹಾಕ್ಬೇಕು ಅಂತ ಅವರಿಬ್ರೂ ಜಗಳ ಆಡ್ಕೊಳ್ಲಿ. ನನ್ನ ಪೋಸ್ಟಿಂಗ್ ನಾನೇ ಮಾಡ್ಕೊಂಡಾಯ್ತು. ಕೃಷ್ಣನಗರ, ಅತ್ತೆ ಹತ್ರ" ಎಂದಳು.

"ತವರಿಗಲ್ವಾ?"

"ಅಲ್ಲಿ ಎಲ್ರೂ ಹೆದರ್ಕೊಂಡು ನನ್ನೇ ನೋಡ್ತಾರೆ. ಅತ್ತೆ ಬೈತಾರೆ. ಅವರು ಬೈದ್ರೆ ನಂಗೆ ಧೈರ್ಯ ಬರತ್ತೆ."

ಈ ಆದೇಶ ಜಾರಿಗೆ ಬರಲು ನಿನ್ನ ಒಪ್ಪಿಗೆಯೊಂದೇ ಸಾಕಂತೆ. ಅವಳು ನಿನ್ನ ಬಳಿ ಇದ್ದರೆ, ನನ್ನನ್ನು ಯಾರು ಎಲ್ಲಿಗೆ ಎಳೆದರೂ ನಾನು ನಿದ್ದೆ ಮಾಡಬಲ್ಲೆ.

ಗುರುವಾರ ಕರೆತರುತ್ತೇನೆ. ಮೆಟ್ಟಿಲು ಹತ್ತಬಾರದು ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಮಹಡಿಯ ಮಂಚವನ್ನು ಕೆಳಗಿನ ಕೋಣೆಗೆ ಇಳಿಸಿಡಮ್ಮಾ. ನೀನೊಬ್ಬಳೇ ಎತ್ತಲು ಹೋಗಬೇಡ, ಪಕ್ಕದ ಮನೆಯ ನಿತಾಯಿ ಮಾಮನನ್ನು ಕರೆ.

ನಿನ್ನ
ಬೂಡೋ